ಗಾಳದ ದಾರ ಮತ್ತು ರೀಲು: ಸಕಲೇಶಪುರ–ಆಲೂರು ಸೀಮೆಯಲ್ಲಿ ಅವುಗಳ ಪಾಲನೆ

ಗಾಳ ಹಾಕಿ ಮೀನು ಹಿಡಿಯುವವನ ಕೈಗೂ ಮೀನಿನ ಬಾಯಲ್ಲಿರುವ ಕೊಕ್ಕೆಗೂ ನಡುವಿನ ಎಳೆಯೇ ಗಾಳದ ದಾರ. ಅದನ್ನು ಸುತ್ತಿಟ್ಟು, ಬೇಕಾದಾಗ ಬಿಟ್ಟು, ಮತ್ತೆ ಎಳೆದುಕೊಳ್ಳುವ ಸಾಧನಕ್ಕೆ ರೀಲು ಎಂದೂ ಅದರಲ್ಲಿ ದಾರ ಕೂರುವ ಭಾಗಕ್ಕೆ ಸುರುಳಿ ಅಥವಾ ಸ್ಪೂಲ್ ಎಂದೂ ಹೆಸರು. ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಲ್ಲಿ ಹೇಮಾವತಿ ಹೊಳೆ, ಅದರ ಹಳ್ಳಗಳು, ಜಲಾಶಯಗಳ ಹಿನ್ನೀರು ಮತ್ತು ಊರ ಕೆರೆಗಳ ದಡದಲ್ಲಿ ಗಾಳ ಹಾಕುವ ರೂಢಿ ಹಳೆಯದು. ಬಿದಿರ ಕೋಲಿಗೆ ಕಟ್ಟಿದ ಅಷ್ಟೇ ಉದ್ದದ ದಾರದಿಂದ ಹಿಡಿದು ಗೇರುಚಕ್ರಗಳಿರುವ ರೀಲಿನವರೆಗೆ ಎಲ್ಲ ಬಗೆಯ ಸಲಕರಣೆಯೂ ಇಲ್ಲಿ ಬಳಕೆಯಲ್ಲಿದೆ.

ಸಲಕರಣೆ ಯಾವುದೇ ಇರಲಿ, ಪಾಲನೆಯ ಗುರಿ ಒಂದೇ: ಹೊಳೆಗೆ ಒಯ್ದಷ್ಟು ದಾರ ಮನೆಗೆ ವಾಪಸ್ ಬರಬೇಕು. ದಾರ ಹರಿದರೆ ಮೀನು ತಪ್ಪುವುದು ಸಣ್ಣ ನಷ್ಟ. ಬಾಯಲ್ಲಿ ಕೊಕ್ಕೆ ಸಿಕ್ಕಿಸಿಕೊಂಡು ಮಾರುದ್ದದ ನೈಲಾನನ್ನು ಎಳೆದಾಡುವ ಮೀನು, ಆ ನೈಲಾನಿಗೆ ಕಾಲು ಸಿಕ್ಕಿಸಿಕೊಳ್ಳುವ ನೀರುಕಾಗೆ, ಕಲ್ಲುಸಂದಿನಲ್ಲಿ ವರ್ಷಗಟ್ಟಲೆ ಉಳಿಯುವ ಗೋಜಲು, ಇವು ದೊಡ್ಡ ನಷ್ಟಗಳು. ಆದ್ದರಿಂದ ದಾರದ ಆರೈಕೆಯನ್ನು ಹೊಳೆಯ ಆರೈಕೆಯ ಭಾಗವೆಂದೇ ತಿಳಿಯಬೇಕು.

ಸೀಮೆ ಮತ್ತು ನೀರು

ಹೇಮಾವತಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ, ಬಲ್ಲಾಳರಾಯನ ದುರ್ಗದ ಸೀಮೆಯಲ್ಲಿ ಹುಟ್ಟಿ, ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವ ಸಕಲೇಶಪುರ ಪಟ್ಟಣವನ್ನು ಬಳಸಿಕೊಂಡು ಪೂರ್ವಕ್ಕೆ ಹರಿಯುತ್ತದೆ. ಗೊರೂರಿನ ಬಳಿ ಇದಕ್ಕೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಜಲಾಶಯದಲ್ಲಿ ಸುಮಾರು 37 ಟಿಎಂಸಿ ನೀರು ನಿಲ್ಲುತ್ತದೆ. ಆಲೂರು ತಾಲ್ಲೂಕಿನಲ್ಲಿ ವಾಟೆಹೊಳೆಯ ಜಲಾಶಯವೂ ಇದೆ. ಸಕಲೇಶಪುರ ತಾಲ್ಲೂಕಿನ ಪಶ್ಚಿಮದ ಇಳಿಜಾರಿನಲ್ಲಿ ನೀರು ಇನ್ನೊಂದು ದಿಕ್ಕು ಹಿಡಿಯುತ್ತದೆ. ಎತ್ತಿನಹೊಳೆ, ಕೆಂಪುಹೊಳೆಗಳ ನೀರು ಶಿರಾಡಿ ಘಾಟಿಯ ಕಾಡಿನಲ್ಲಿಳಿದು ಕುಮಾರಧಾರೆಯನ್ನು ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಒಂದೇ ತಾಲ್ಲೂಕಿನ ಮಳೆ ಹೀಗೆ ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೂ ನೇತ್ರಾವತಿಯ ಮೂಲಕ ಅರಬ್ಬೀ ಸಮುದ್ರಕ್ಕೂ ಹಂಚಿಹೋಗುತ್ತದೆ.

ದಾರದ ದೃಷ್ಟಿಯಿಂದ ಈ ನೀರುಗಳು ಒಂದೇ ಅಲ್ಲ. ಸಕಲೇಶಪುರದ ಮೇಲ್ಭಾಗದಲ್ಲಿ ಹೇಮಾವತಿಯ ತಳ ಬಂಡೆಯದು. ಬಂಡೆಯಲ್ಲೂ ಮರಳಿನಲ್ಲೂ ಇರುವ ಸ್ಫಟಿಕದ ಕಣ ಉಕ್ಕಿನಲ್ಲೂ ಗೀರು ಮೂಡಿಸಬಲ್ಲದು. ಬಂಡೆಯಂಚಿಗೆ ಉಜ್ಜಿದ ನೈಲಾನ್ ಉಳಿಯುವುದು ಕಷ್ಟ. ಆಲೂರಿನ ಕಡೆ ನೆಲ ತಗ್ಗಾಗಿ, ಹೊಳೆ ನಿಧಾನವಾಗಿ, ಹಿನ್ನೀರಿನ ಕೆಸರು ಹೆಚ್ಚುತ್ತದೆ. ಜಲಾಶಯ ತುಂಬಿದಾಗ ಮುಳುಗಿದ ಮರದ ಬೊಡ್ಡೆ, ಬೇಲಿತಂತಿ, ಹಳೆಯ ಗೋಡೆಗಳು ನೀರಿನಡಿ ಇರುತ್ತವೆ. ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುವುದನ್ನು ಕಂಡವರಿಗೆ ಈ ಹಿನ್ನೀರಿನ ತಳ ಹೇಗಿರಬಹುದೆಂಬ ಅಂದಾಜು ಸಿಗುತ್ತದೆ. ಬಂಡೆಯ ಹೊಳೆಯಲ್ಲಿ ದಾರ ಸವೆಯುತ್ತದೆ, ಹಿನ್ನೀರಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಗಾಳದ ವಿದ್ಯೆಗೆ ಲಿಖಿತ ಪರಂಪರೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಮೀನುಗಳ ಬಗೆ, ಅವುಗಳಿಗೆ ಹಾಕುವ ಮೇವು, ಗಾಳ ಹಾಕುವ ಕ್ರಮ ಅದರ ವಸ್ತು. ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 20ನೆಯ ಶತಮಾನದ ನಡುಭಾಗದಲ್ಲಿ ಈ ಅಧ್ಯಾಯವನ್ನು ಅಧ್ಯಯನ ಮಾಡಿ ಅದರ ಮಹತ್ವವನ್ನು ವಿಜ್ಞಾನಲೋಕಕ್ಕೆ ತಿಳಿಸಿದರು. ವಸಾಹತು ಕಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು 1873ರಲ್ಲಿ ಮಂಗಳೂರಿನಿಂದ ಹೊರತಂದ. ಭಾರತದಲ್ಲಿ ಗಾಳದ ಮೀನುಗಾರಿಕೆಯ ಬಗ್ಗೆ ಬಂದ ಮೊದಲ ದೊಡ್ಡ ಇಂಗ್ಲಿಷ್ ಕೈಪಿಡಿಗಳಲ್ಲಿ ಅದೊಂದು. ಹೇಮಾವತಿಯೂ ಸೇರುವ ಕಾವೇರಿ ಜಲವ್ಯೂಹದ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಕದ ಮಹಶೀರ್ ಮೀನು ಹಿಡಿದದ್ದು ಇಂದಿಗೂ ಹೆಸರಾದ ದಾಖಲೆ.

ನೈಲಾನ್ ಬರುವ ಮೊದಲಿನ ದಾರಗಳು ರೇಷ್ಮೆ, ನಾರಗಸೆ, ಹತ್ತಿಯವು. ಹಳ್ಳಿಯಲ್ಲಿ ಹತ್ತಿಯ ನೂಲನ್ನು ಹುರಿಮಾಡಿ ಬಳಸುತ್ತಿದ್ದರು. ಇವೆಲ್ಲ ಒದ್ದೆಯಾಗಿ ಉಳಿದರೆ ಕೊಳೆಯುವ ವಸ್ತುಗಳು. ಮೀನುಗಾರರು ಬಲೆ, ಹುರಿಗಳನ್ನು ಮರದ ತೊಗಟೆಯ ಒಗರು ರಸದಲ್ಲಿ ಅದ್ದಿ ಒಣಗಿಸುತ್ತಿದ್ದುದು ಇದಕ್ಕಾಗಿಯೇ; ತೊಗಟೆಯ ಟ್ಯಾನಿನ್ ನೂಲನ್ನು ತಿನ್ನುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲೇಸ್ ಕರೋದರ್ಸ್ 1935ರಲ್ಲಿ ರೂಪಿಸಿ, ಕಂಪನಿ 1938ರಲ್ಲಿ ಪ್ರಕಟಿಸಿದ ನೈಲಾನ್ ಈ ಲೆಕ್ಕವನ್ನೇ ಬದಲಿಸಿತು. ದಾರ ಕೊಳೆಯುವುದು ನಿಂತಿತು. ಆದರೆ ಹರಿದು ಹೊಳೆಯಲ್ಲಿ ಉಳಿದ ದಾರವೂ ಕೊಳೆಯದೆ ಉಳಿಯತೊಡಗಿತು.

ರೀಲಿನ ಕತೆಯೂ ನೂಲಿನೊಂದಿಗೆ ಹೆಣೆದುಕೊಂಡಿದೆ. ಇಂದು ಎಲ್ಲೆಡೆ ಕಾಣುವ, ಸುರುಳಿ ತಿರುಗದೆ ದಾರ ಮಾತ್ರ ಅದರ ಅಂಚಿನಿಂದ ಜಾರಿಹೋಗುವ ರೀಲಿಗೆ 1905ರಲ್ಲಿ ಪೇಟೆಂಟ್ ಪಡೆದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಇಂಗ್ಲೆಂಡಿನ ಉಣ್ಣೆ ಗಿರಣಿಯ ಒಡೆಯ. ಕಂಡಿಕೆಯ ತುದಿಯಿಂದ ನೂಲು ಸರಾಗವಾಗಿ ಬಿಚ್ಚಿಕೊಳ್ಳುವುದನ್ನು ದಿನವೂ ನೋಡುತ್ತಿದ್ದವನಿಗೆ ಹೊಳೆಯ ದಡದಲ್ಲೂ ಅದೇ ನೆನಪಾಯಿತು. ನಮ್ಮ ನೇಕಾರರು ಕಂಡಿಕೆ ಸುತ್ತುವಾಗ ಪಾಲಿಸುವ ನಿಯಮಗಳಾದ ಒಂದೇ ಬಿಗಿ, ಒಂದೇ ದಿಕ್ಕು, ಅಂಚು ಮೀರದ ತುಂಬುವಿಕೆ ಇವು ಗಾಳದ ಸುರುಳಿಗೂ ಹಾಗೆಯೇ ಅನ್ವಯಿಸುತ್ತವೆ.

ಮಲೆನಾಡಿನಲ್ಲಿ ಗಾಳಕ್ಕೆ ಸಾಹಿತ್ಯದ ನಂಟೂ ಇದೆ. ಪಕ್ಕದ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಬಾಳಿದ ಪೂರ್ಣಚಂದ್ರ ತೇಜಸ್ವಿ (1938–2007) ಗಾಳದ ಗೀಳು ಹತ್ತಿಸಿಕೊಂಡವರು. ಅವರ ಅಂಡಮಾನ್ ಪ್ರವಾಸಕಥನದಲ್ಲೂ ಮೀನಿಗೂ ಗಾಳಕ್ಕೂ ದೊಡ್ಡ ಪಾಲಿದೆ.

ಸಲಕರಣೆಯ ಬಗೆಗಳು

ಈ ಸೀಮೆಯ ಗಾಳಗಳನ್ನು ಮೂರು ಬಗೆಯಾಗಿ ನೋಡಬಹುದು.

ಕೋಲುಗಾಳ: ವಾಟೆ ಅಥವಾ ಸಣ್ಣ ಬಿದಿರಿನ ಕೋಲಿನ ತುದಿಗೆ ಕೋಲಿನಷ್ಟೇ ಉದ್ದದ ದಾರ, ಬೆಂಡು, ಒಂದು ಗುಂಡು, ಕೊಕ್ಕೆ. ಮೇವಿಗೆ ಎರೆಹುಳು. ಕೆರೆಯಂಚಿನ ಗೆಂಡೆ, ಜಿಲೇಬಿ ಮೀನುಗಳಿಗೆ ಇದೇ ಸಾಕು. ಇಲ್ಲಿ ಸುರುಳಿ ಇಲ್ಲ. ಕೆಲಸ ಮುಗಿದ ಮೇಲೆ ದಾರವನ್ನು ಕೋಲಿಗೇ ಸುತ್ತುತ್ತಾರೆ.

ಕೈಗಾಳ: ಹಲಗೆಯ ತುಂಡಿಗೋ ಖಾಲಿ ಬಾಟಲಿಗೋ ಸುತ್ತಿದ ಉದ್ದ ದಾರ. ತುದಿಗೆ ಭಾರ ಕಟ್ಟಿ ಬೀಸಿ ಎಸೆದು, ದಾರವನ್ನು ಬೆರಳಿಗೆ ತಾಗಿಸಿಕೊಂಡು ಕೂರುವುದು. ರಾತ್ರಿಯಿಡೀ ದಡದ ಗೂಟಕ್ಕೆ ಕಟ್ಟಿ ಬಿಡುವವರೂ ಇದ್ದಾರೆ. ಬಾಳೆಮೀನು, ಹಾವುಮೀನುಗಳಂಥ ತಳದ ಮೀನುಗಳಿಗೆ ಇದು ಹೆಚ್ಚು.

ರೀಲುಗಾಳ: ಫೈಬರ್ ಕೋಲು ಮತ್ತು ರೀಲು. ಹೊಳೆಯ ನಡುಮಡುವಿಗೆ, ಹಿನ್ನೀರಿನ ದೂರಕ್ಕೆ ಎಸೆಯಲು ಇದು ಬೇಕು. ಅವಲು, ಕೊರವಗಳಂಥ ಬೇಟೆಮೀನುಗಳಿಗೆ ಪ್ಲಾಸ್ಟಿಕ್ ಕಪ್ಪೆ, ಲೋಹದ ಚಮಚದಂಥ ಹುಸಿಮೇವು ಎಸೆದು ಎಳೆಯುವವರ ಸಾಧನವೂ ಇದೇ.

ದಾರದ ಬಗೆಗಳು

ಒಂಟಿ ಎಳೆಯ ನೈಲಾನ್ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಎಳೆದಾಗ ಹಿಗ್ಗಿ ಮೀನಿನ ಜಗ್ಗನ್ನು ಹೀರಿಕೊಳ್ಳುತ್ತದೆ. 0.40 ಮಿ.ಮೀ. ದಪ್ಪದ ಒಳ್ಳೆಯ ನೈಲಾನ್ ಸುಮಾರು 8ರಿಂದ 10 ಕೆ.ಜಿ. ಎಳೆತ ತಡೆಯುತ್ತದೆ. ಅದರ ಸಾಂದ್ರತೆ 1.14, ನೀರಿನಲ್ಲಿ ನಿಧಾನವಾಗಿ ಮುಳುಗುತ್ತದೆ. ಅದು ನೀರು ಹೀರುತ್ತದೆ ಎಂಬುದು ಹಲವರಿಗೆ ತಿಳಿಯದ ಸಂಗತಿ. ಒದ್ದೆ ನೈಲಾನಿನ ಬಲ ಒಣಗಿದ್ದಾಗ ಇದ್ದುದಕ್ಕಿಂತ ನೂರಕ್ಕೆ ಹತ್ತಿಪ್ಪತ್ತು ಪಾಲು ಕಡಿಮೆ.

ಹೆಣೆದ ದಾರ ಪಾಲಿಎಥಿಲೀನಿನ ಅತಿಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದದ್ದು. 1990ರ ದಶಕದಿಂದ ಬಳಕೆಗೆ ಬಂತು. ಅಷ್ಟೇ ಬಲದ ನೈಲಾನಿಗಿಂತ ಬಹಳ ತೆಳು, ಹಿಗ್ಗುವುದು ತೀರ ಕಡಿಮೆ, ನೀರಿನ ಮೇಲೆ ತೇಲುತ್ತದೆ. ಆದರೆ ಬಂಡೆಯಂಚಿಗೆ ತಾಗಿದರೆ ಎಳೆಯೆಳೆಯಾಗಿ ಕಡಿಯುತ್ತದೆ. 150 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕರಗುತ್ತದೆ. ಬರಿಗೈಗೆ ಸುತ್ತಿ ಎಳೆದರೆ ಚರ್ಮ ಕೊಯ್ಯುತ್ತದೆ.

ಫ್ಲೋರೋಕಾರ್ಬನ್ ನೀರಿನ ಎರಡು ಪಾಲಿನ ಹತ್ತಿರ ಭಾರ. ಬೆಳಕನ್ನು ಬಾಗಿಸುವ ಗುಣದಲ್ಲಿ ನೀರಿಗೆ ಸಮೀಪವಿರುವುದರಿಂದ ಮೀನಿಗೆ ಕಾಣುವುದು ಕಡಿಮೆ. ನೀರು ಹೀರುವುದಿಲ್ಲ, ಉಜ್ಜಾಟ ತಾಳುತ್ತದೆ. ಬೆಲೆ ಹೆಚ್ಚಾದ್ದರಿಂದ ಕೊಕ್ಕೆಯ ಹತ್ತಿರದ ಒಂದೆರಡು ಮೀಟರಿಗೆ ಮಾತ್ರ ಬಳಸುವುದು ವಾಡಿಕೆ.

ದಾರ ಯಾಕೆ ಕೆಡುತ್ತದೆ

ಉಜ್ಜಾಟ ಮೊದಲ ಶತ್ರು. ದಾರದ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆ. ದಪ್ಪ ಐದರಲ್ಲಿ ಒಂದು ಪಾಲು ಸವೆದರೆ ಉಳಿಯುವ ವಿಸ್ತೀರ್ಣ ನೂರಕ್ಕೆ 64 ಮಾತ್ರ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಹೀಗೆ ಮೂರನೆಯ ಒಂದು ಪಾಲಿಗೂ ಹೆಚ್ಚು ಬಲ ಕದಿಯುತ್ತದೆ. ಬಾಳೆಮೀನಿನ ಬಾಯಿತುಂಬ ಇರುವ ಸೂಜಿಹಲ್ಲು ಒಂದೇ ಕಾಳಗದಲ್ಲಿ ಇಂಥ ಹತ್ತಾರು ಗೀರು ಮಾಡುತ್ತದೆ. ಮಹಶೀರ್‌ನ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಮೇವನ್ನು ಆಳಕ್ಕೆ ನುಂಗಿದರೆ ಅದು ದಾರವನ್ನಷ್ಟೇ ಅಲ್ಲ, ಕೊಕ್ಕೆಯನ್ನೂ ಜಜ್ಜುತ್ತದೆ.

ಬಿಸಿಲು ಎರಡನೆಯದು. ಸೂರ್ಯನ ನೇರಳಾತೀತ ಕಿರಣ ನೈಲಾನಿನ ಉದ್ದ ಅಣುಗಳನ್ನು ತುಂಡರಿಸುತ್ತದೆ. ಬಿಸಿಲಿನಲ್ಲಿ ವಾರಗಟ್ಟಲೆ ಬಿದ್ದಿದ್ದ ದಾರ ನೋಡಲು ಹೊಸದರಂತೆಯೇ ಇರುತ್ತದೆ, ಜಗ್ಗಿದರೆ ಪುಟ್ಟೆಂದು ಕಡಿಯುತ್ತದೆ.

ನುಲಿ ಮೂರನೆಯದು. ಸುರುಳಿಗೆ ತಪ್ಪು ದಿಕ್ಕಿನಲ್ಲಿ ಸುತ್ತಿದರೆ, ಹುಸಿಮೇವು ನೀರಿನಲ್ಲಿ ಗಿರಗಿರ ತಿರುಗಿದರೆ, ಮೀನು ಜಗ್ಗುವಾಗಲೂ ಹಿಡಿ ತಿರುಗಿಸುತ್ತಲೇ ಇದ್ದರೆ ದಾರಕ್ಕೆ ನುಲಿ ಬೀಳುತ್ತದೆ. ನುಲಿದ ದಾರ ಸಡಿಲವಾದ ಕ್ಷಣವೇ ಹಾವಿನಂತೆ ತನ್ನ ಮೇಲೆ ತಾನೇ ಸುತ್ತಿಕೊಂಡು ಗೋಜಲಾಗುತ್ತದೆ.

ತೋಟದ ಮನೆಯ ಶತ್ರುಗಳು ಬೇರೆಯೇ ಇವೆ. ಕಾಫಿಗೂ ಅಡಿಕೆಗೂ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಸ್ಪ್ರೇಯರ್ ಇಡುವ ಗೋದಾಮಿನ ಮೂಲೆಗೆ ಗಾಳದ ಕೋಲು ಒರಗಿಸಿಡುವುದು ಹಲವು ಮನೆಗಳ ರೂಢಿ. ರೀಲು ಹಿಡಿದುಕೊಳ್ಳುವುದಕ್ಕೆ, ಕೊಕ್ಕೆ ತುಕ್ಕಾಗುವುದಕ್ಕೆ ಅದೊಂದು ಕಾರಣ ಸಾಕು. ಒಲೆಯ ಮೇಲಿನ ಅಟ್ಟ ಬಿದಿರ ಕೋಲಿಗೆ ಒಳ್ಳೆಯ ಜಾಗ, ಹೊಗೆ ಹಿಡಿದ ಬಿದಿರಿಗೆ ಹುಳು ಬೀಳುವುದಿಲ್ಲ. ಅದೇ ಅಟ್ಟದ ಕಾವು ದಾರಕ್ಕೆ ಒಳ್ಳೆಯದಲ್ಲ. ಕೋಲು ಅಟ್ಟಕ್ಕೆ, ದಾರ ಪೆಟ್ಟಿಗೆಗೆ ಎಂದು ಬೇರೆ ಮಾಡಬೇಕು. ಸೊಳ್ಳೆ, ಜಿಗಣೆಗಳ ಕಾಟಕ್ಕೆ ಕೈಗೆ ಹಚ್ಚಿಕೊಳ್ಳುವ ಮುಲಾಮುಗಳಲ್ಲಿನ ಕೆಲವು ರಾಸಾಯನಿಕಗಳು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತವೆ. ರೀಲು ಮುಟ್ಟುವ ಮೊದಲು ಅಂಗೈ ಒರೆಸಿಕೊಳ್ಳುವುದು ಒಳ್ಳೆಯದು.

ದಾರದ ಪರೀಕ್ಷೆ

ಹೊಳೆಯಿಂದ ಬಂದ ಸಂಜೆ ಜಗುಲಿಯ ಮೇಲೆ ಕೂತು ಮಾಡಬೇಕಾದ ಕೆಲಸ ಇದು. ಕೊಕ್ಕೆಯನ್ನು ಕತ್ತರಿಸಿ ತೆಗೆದು, ದಾರದ ತುದಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ಉಗುರುಗಳ ನಡುವೆ ದಾರವನ್ನು ಮೆಲ್ಲಗೆ ಎಳೆಯುತ್ತ ಹೋಗಬೇಕು. ನುಣುಪಾಗಿ ಜಾರುತ್ತಿದ್ದ ದಾರ ಒಂದು ಕಡೆ ಉಗುರಿಗೆ ಸಣ್ಣದಾಗಿ ಕರಕರ ಎನ್ನುತ್ತದೆ. ಅಲ್ಲಿ ನಿಲ್ಲಿಸಿ, ಆ ಭಾಗವನ್ನು ದೀಪದ ಬೆಳಕಿಗೆ ಹಿಡಿದರೆ ಗಾಜಿನಂತೆ ಹೊಳೆಯಬೇಕಾದ ಮೈ ಸುಣ್ಣ ಬಳಿದಂತೆ ಬೆಳ್ಳಗೆ ಮಸುಕಾಗಿರುವುದು ಕಾಣುತ್ತದೆ. ಅದು ಬಂಡೆ ತಾಗಿದ ಜಾಗ. ಉಗುರಿಗೆ ತಿಳಿಯದ ಗೀರನ್ನು ಹತ್ತಿಯ ಉಂಡೆ ಹಿಡಿಯುತ್ತದೆ. ದಾರದ ಮೇಲೆ ಉಂಡೆಯನ್ನು ಜಾರಿಸಿದರೆ ಗೀರಿನ ಬಾಯಲ್ಲಿ ಹತ್ತಿಯ ಎಳೆ ಸಿಕ್ಕಿ ನಿಲ್ಲುತ್ತದೆ. ಗೀರಿನಿಂದ ಒಂದು ಮೊಳ ಮೇಲಕ್ಕೆ ಕತ್ತರಿಸಿ ಹೊಸ ಗಂಟು ಹಾಕುವುದೊಂದೇ ದಾರಿ. ಅರ್ಧ ಮಾರು ದಾರಕ್ಕೆ ಜಿಪುಣತನ ಮಾಡಿದರೆ ನಾಳೆ ಐವತ್ತು ಮಾರು ಹೊಳೆಯ ಪಾಲಾಗುತ್ತದೆ.

ಗಂಟು ದಾರದ ಅತಿ ದುರ್ಬಲ ಜಾಗ. ಸಾದಾ ಗಂಟು ನೈಲಾನಿನ ಬಲವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಕೊಕ್ಕೆಯ ಕಿವಿಗೆ ದಾರ ತೂರಿಸಿ, ತುದಿಯನ್ನು ಮೂಲ ದಾರದ ಸುತ್ತ ಐದಾರು ಸುತ್ತು ಹೊಸೆದು, ಕಿವಿಯ ಬಳಿ ಉಳಿದ ಸಣ್ಣ ಕುಣಿಕೆಯೊಳಗೆ ನುಗ್ಗಿಸಿ, ಮತ್ತೆ ಹೊರಗಿನ ದೊಡ್ಡ ಕುಣಿಕೆಯೊಳಗೂ ದಾಟಿಸಿ ಬಿಗಿಯುವ ಗಂಟು ಬಹುಪಾಲು ಬಲವನ್ನು ಉಳಿಸಿಕೊಳ್ಳುತ್ತದೆ. ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಬೇಕು. ಒಣ ನೈಲಾನ್ ತನ್ನ ಮೇಲೆ ತಾನೇ ಉಜ್ಜಿದಾಗ ಹುಟ್ಟುವ ಕಾವು ಅದನ್ನು ಒಳಗೇ ಕೆಡಿಸುತ್ತದೆ.

ಸುರುಳಿ ತುಂಬುವ ಕ್ರಮ

ಸುರುಳಿಯ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗಿನವರೆಗೆ ದಾರ ತುಂಬುವುದು ಸರಿಯಾದ ಪ್ರಮಾಣ. ಹೆಚ್ಚು ತುಂಬಿದರೆ ಎಸೆದಾಗ ಸುತ್ತುಗಟ್ಟಲೆ ದಾರ ಒಮ್ಮೆಗೇ ಕಳಚಿ ಗೋಜಲಾಗುತ್ತದೆ. ಕಡಿಮೆ ತುಂಬಿದರೆ ದಾರ ಅಂಚಿಗೆ ಉಜ್ಜಿ ಎಸೆತ ಹತ್ತಿರಕ್ಕೇ ಬೀಳುತ್ತದೆ. ಇನ್ನೊಂದು ಅಪಾಯವೂ ಇದೆ. ಮೀನು ಓಡಿ ದಾರ ಖಾಲಿಯಾಗುತ್ತ ಹೋದಂತೆ ಸುರುಳಿಯ ವ್ಯಾಸ ಕುಗ್ಗುತ್ತದೆ. ದಾರದ ಓಟವನ್ನು ತಡೆಯುವ ರೀಲಿನ ಬ್ರೇಕು ಅಷ್ಟೇ ಬಿಗಿಯಲ್ಲಿದ್ದರೂ ವ್ಯಾಸ ಅರ್ಧಕ್ಕಿಳಿದಾಗ ದಾರದ ಮೇಲಿನ ಎಳೆತ ಇಮ್ಮಡಿಯಾಗುತ್ತದೆ. ಮೊದಲೇ ಅರೆಬರೆ ತುಂಬಿದ ಸುರುಳಿಯಲ್ಲಿ ಈ ಘಟ್ಟ ಬೇಗ ಬರುತ್ತದೆ. ದೊಡ್ಡ ಮೀನು ದೂರ ಹೋದ ಮೇಲೆ ಏಕಾಏಕಿ ದಾರ ಹರಿಯುವುದಕ್ಕೆ ಅನೇಕ ಸಲ ಇದೇ ಕಾರಣ.

ಅಂಗಡಿಯ ಉಂಡೆಯಿಂದ ರೀಲಿಗೆ ಸುತ್ತುವಾಗ, ಉಂಡೆಯ ಮುಖದಿಂದ ದಾರ ಯಾವ ದಿಕ್ಕಿಗೆ ಬಿಚ್ಚಿಕೊಳ್ಳುತ್ತದೋ ಅದೇ ದಿಕ್ಕಿಗೆ ಸುರುಳಿಯ ಮೇಲೆ ಕೂರಬೇಕು. ಹತ್ತಿಪ್ಪತ್ತು ಸುತ್ತಾದ ಮೇಲೆ ದಾರವನ್ನು ಸಡಿಲ ಬಿಟ್ಟು ನೋಡಿದರೆ ತಿಳಿಯುತ್ತದೆ; ಸುತ್ತಿಕೊಂಡರೆ ಉಂಡೆಯನ್ನು ಮಗುಚಿ ಹಾಕಬೇಕು. ಒದ್ದೆ ಬಟ್ಟೆಯ ನಡುವೆ ದಾರ ಹಾಯಿಸಿ ಒಂದೇ ಬಿಗಿಯಲ್ಲಿ ಸುತ್ತಬೇಕು. ಸಡಿಲವಾಗಿ ಸುತ್ತಿದರೆ ಮೀನು ಎಳೆದಾಗ ಮೇಲಿನ ಸುತ್ತು ಕೆಳಗಿನವುಗಳ ನಡುವೆ ಹೂತುಹೋಗುತ್ತದೆ. ಹೆಣೆದ ದಾರ ಲೋಹದ ಸುರುಳಿಯ ಮೇಲೆ ಜಾರುವುದರಿಂದ ಅಡಿಯಲ್ಲಿ ಕೆಲವು ಸುತ್ತು ನೈಲಾನ್ ಹಾಕಿ, ಅದರ ಮೇಲೆ ಹೆಣೆದದ್ದನ್ನು ಕಟ್ಟುವುದು ವಾಡಿಕೆ.

ನುಲಿ ಬಿದ್ದ ದಾರಕ್ಕೆ ಹೇಮಾವತಿಯೇ ವೈದ್ಯ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಹರಿವು ಜೋರಾಗಿರುವ ಕಡೆ ಬಂಡೆಯ ಮೇಲೆ ನಿಂತು ಕೊಕ್ಕೆ, ಗುಂಡು, ಬೆಂಡು ಎಲ್ಲ ಬಿಚ್ಚಿ ಬರಿದಾರವನ್ನು ನೀರಿಗೆ ಬಿಡಬೇಕು. ಹೊಳೆ ಅದನ್ನು ನಲವತ್ತು ಐವತ್ತು ಮೀಟರ್ ಎಳೆದುಕೊಂಡು ಹೋಗುತ್ತದೆ. ಕೆಲವು ನಿಮಿಷ ಹಾಗೇ ಹಿಡಿದು ನಿಂತರೆ ತುದಿ ನೀರಿನಲ್ಲಿ ತಿರುಗಿ ತಿರುಗಿ ನುಲಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಆಮೇಲೆ ಬೆರಳುಗಳ ನಡುವೆ ಬಿಗಿಹಿಡಿದು ಸುತ್ತಿಕೊಂಡರೆ ದಾರ ನೆಟ್ಟಗಾಗಿರುತ್ತದೆ. ಹುಸಿಮೇವಿನ ಮುಂದೆ ಒಳ್ಳೆಯ ಸ್ವಿವೆಲ್, ಅಂದರೆ ತಿರುಗುವ ಕೊಂಡಿ, ಕಟ್ಟಿದರೆ ಈ ಚಿಕಿತ್ಸೆ ಆಗಾಗ ಬೇಕಾಗುವುದಿಲ್ಲ.

ಕೈಗಾಳದ ಹಲಗೆಗೂ ಇಂಥದೇ ಉಪಾಯವಿದೆ. ಹಲಗೆಯ ಎರಡೂ ತುದಿಗೆ ಕಚ್ಚು ಮಾಡಿ ದಾರವನ್ನು ಎಂಟರ ಆಕಾರದಲ್ಲಿ ಸುತ್ತಿದರೆ ಒಂದು ಕಡೆ ಬಿದ್ದ ನುಲಿಯನ್ನು ಇನ್ನೊಂದು ಕಡೆಯ ಸುತ್ತು ಕಳೆಯುತ್ತದೆ.

ರೀಲಿನ ಆರೈಕೆ

ಹೊಳೆಯ ನೀರಿನಲ್ಲಿ ಉಪ್ಪಿಲ್ಲ. ಕರಾವಳಿಯವರಂತೆ ಪ್ರತಿಸಲ ಸಿಹಿನೀರಿನಲ್ಲಿ ತೊಳೆಯುವ ಅಗತ್ಯ ಇಲ್ಲಿಲ್ಲ. ಇಲ್ಲಿ ಕಾಡುವುದು ಮರಳು, ಕೆಸರು ಮತ್ತು ತೇವ. ರೀಲನ್ನು ಮರಳಿನ ಮೇಲೆ ಇಡಬಾರದು. ಬಿದ್ದರೆ ಬಕೆಟ್ಟಿನಲ್ಲಿ ಮುಳುಗಿಸದೆ, ಬ್ರೇಕು ಬಿಗಿಮಾಡಿ ಮೇಲಿನಿಂದ ತೆಳುವಾಗಿ ನೀರು ಹನಿಸಿ, ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಿಸಬೇಕು. ದಾರವನ್ನು ಸುರುಳಿಗೆ ದಾಟಿಸುವ ಪುಟ್ಟ ರೋಲರ್ ಮರಳಿನ ಕಣ ಸಿಕ್ಕಿ ತಿರುಗದೆ ನಿಂತರೆ ದಾರ ಅದರ ಮೇಲೆ ಉಜ್ಜಿ ಗೆರೆ ಕೊರೆಯುತ್ತದೆ. ಆಮೇಲೆ ಆ ಗೆರೆಯೇ ದಾರವನ್ನು ಕೊಯ್ಯುತ್ತದೆ. ಎಷ್ಟು ಸಲ ದಾರ ಬದಲಿಸಿದರೂ ಹರಿಯುತ್ತಲೇ ಇದೆ ಎನ್ನುವವರು ಮೊದಲು ಈ ರೋಲರನ್ನೂ ಕೋಲಿನ ಮೇಲೆ ದಾರ ಹಾಯುವ ಬಳೆಗಳನ್ನೂ ಪರೀಕ್ಷಿಸಬೇಕು. ಬಳೆಯೊಳಗೆ ಹತ್ತಿಯ ತುಂಡು ತಿರುಗಿಸಿದರೆ ಬಿರುಕಿದ್ದಲ್ಲಿ ಎಳೆ ಸಿಕ್ಕುತ್ತದೆ.

ಬೇರಿಂಗುಗಳಿಗೆ ಒಂದೆರಡು ಹನಿ ತೆಳು ಎಣ್ಣೆ, ಹಲ್ಲುಚಕ್ರಗಳಿಗೆ ಗ್ರೀಸು. ಎಣ್ಣೆ ದಾರಕ್ಕೂ ಬ್ರೇಕಿನ ಬಿಲ್ಲೆಗಳಿಗೂ ತಾಗಬಾರದು. ತೆಂಗಿನೆಣ್ಣೆ ಬೇಡ, ಮಲೆನಾಡಿನ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಹಳೆಯದಾದರೆ ಅಂಟಾಗುತ್ತದೆ. ಬ್ರೇಕಿನ ಬಿಗಿಯನ್ನು ದಾರದ ಬಲದ ನಾಲ್ಕರಲ್ಲಿ ಒಂದು ಪಾಲಿನಿಂದ ಮೂರರಲ್ಲಿ ಒಂದು ಪಾಲಿನ ಒಳಗೆ ಇಡುವುದು ಲೇಸು. ಮನೆಗೆ ಬಂದ ಮೇಲೆ ಬ್ರೇಕನ್ನು ಪೂರ್ತಿ ಸಡಿಲಿಸಬೇಕು. ಬಿಗಿಯಾಗಿಯೇ ಬಿಟ್ಟರೆ ಒಳಗಿನ ಮೆತ್ತನೆಯ ಬಿಲ್ಲೆಗಳು ಅಮುಕಿಹೋಗಿ, ಮುಂದಿನ ಸಲ ದಾರ ಸರಾಗವಾಗಿ ಹೋಗದೆ ಎಡವಿ ಎಡವಿ ಹೋಗುತ್ತದೆ.

ವರ್ಷದ ಲೆಕ್ಕ

ಪಾಲನೆಗೆ ಈ ಸೀಮೆಯ ಋತುಗಳೇ ಪಂಚಾಂಗ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೊಳೆ ಕೆಂಪಾಗಿ ತುಂಬಿ ಹರಿಯುವ ತಿಂಗಳುಗಳು ರೀಲು ಬಿಚ್ಚಿ ಶುಚಿಮಾಡುವ ಕಾಲ. ಮುಂಗಾರಿನ ಮೊದಲ ನೀರಿಗೆ ಮೀನುಗಳು ಮೊಟ್ಟೆಯಿಡಲು ಹಳ್ಳ, ಗದ್ದೆಗಳತ್ತ ಏರಿಬರುತ್ತವೆ. ಮಲೆನಾಡಿನವರು ಇವನ್ನು ಹತ್ತುಮೀನು ಎನ್ನುತ್ತಾರೆ. ಗರ್ಭ ಹೊತ್ತ ಮೀನನ್ನು ಬಿಟ್ಟುಬಿಡುವುದು ಮುಂದಿನ ವರ್ಷದ ಹೊಳೆಗೆ ಮಾಡುವ ಉಪಕಾರ. ಗಾಳಕ್ಕೂ ಆಗ ವಿಶ್ರಾಂತಿ ಸಲ್ಲಬೇಕು. ಅಕ್ಟೋಬರಿನಲ್ಲಿ ನೀರು ತಿಳಿಯಾಗತೊಡಗಿದಾಗ ದಾರ ಬದಲಿಸಬೇಕು. ಒಂಟಿ ಎಳೆಯ ನೈಲಾನನ್ನು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಹೆಣೆದ ದಾರ ಹಲವು ವರ್ಷ ಬಾಳುತ್ತದೆ. ಹೊರತುದಿ ಸವೆದಾಗ ಪೂರ್ತಿ ಬಿಚ್ಚಿ, ತಿರುವುಮುರುವಾಗಿ ಸುತ್ತಿದರೆ ಬಿಸಿಲನ್ನೇ ಕಾಣದ ಒಳಭಾಗ ಹೊರಗೆ ಬರುತ್ತದೆ. ಡಿಸೆಂಬರಿನಿಂದ ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಮೂಲೆ ಸೇರಿದ ಸುರುಳಿಯ ದಾರ ಉಂಗುರ ಉಂಗುರವಾಗಿ ಮುದುರುತ್ತದೆ. ಅದನ್ನು ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಮೆಲ್ಲಗೆ ಹಿಗ್ಗಿಸಿದರೆ ಮತ್ತೆ ಮೆತ್ತಗಾಗುತ್ತದೆ. ಮಾರ್ಚ್, ಏಪ್ರಿಲ್‌ಗಳಲ್ಲಿ ಹೊಳೆ ಬತ್ತಿ ಬಂಡೆಗಳು ಮೇಲೇಳುತ್ತವೆ. ಕಳೆದ ವರ್ಷ ಹರಿದುಹೋದ ದಾರಗಳು ಕಣ್ಣಿಗೆ ಬೀಳುವ, ಕೈಗೆ ಸಿಗುವ ಕಾಲ ಅದು.

ಆಳದ ನೀರು ಮತ್ತು ಡೌನ್‌ರಿಗರ್

ಉತ್ತರ ಅಮೆರಿಕದ ಮಹಾಸರೋವರಗಳಂಥ ಆಳದ ನೀರಿನಲ್ಲಿ ಮೇವನ್ನು ಬೇಕಾದ ಆಳದಲ್ಲೇ ಎಳೆದೊಯ್ಯಲು ಡೌನ್‌ರಿಗರ್ ಎಂಬ ಸಾಧನ ಬಳಸುತ್ತಾರೆ. ದೋಣಿಯ ಅಂಚಿಗೆ ಕೂರಿಸಿದ ದೊಡ್ಡ ಸುರುಳಿ, ಅದರಲ್ಲಿ ಉಕ್ಕಿನ ತಂತಿ ಅಥವಾ ಹೆಣೆದ ದಾರ, ತುದಿಗೆ ಕೆಲವು ಕಿಲೋ ತೂಕದ ಗುಂಡು. ಗಾಳದ ದಾರವನ್ನು ಒಂದು ಕ್ಲಿಪ್ಪಿನ ಮೂಲಕ ಈ ಗುಂಡಿಗೆ ಸಿಕ್ಕಿಸಿರುತ್ತಾರೆ. ಮೀನು ಕಚ್ಚಿದೊಡನೆ ಕ್ಲಿಪ್ಪು ಬಿಟ್ಟುಕೊಂಡು ದಾರ ಬಿಡುಗಡೆಯಾಗುತ್ತದೆ. ಇದಕ್ಕೆ ಮೋಟಾರು ದೋಣಿ, ಗಟ್ಟಿ ಅಂಚು ಬೇಕು. ಹೇಮಾವತಿ ಹಿನ್ನೀರಿನ ಮೀನುಗಾರರ ಬಿದಿರಿನ ತೆಪ್ಪ ಬಲೆ ಹಾಕುವುದಕ್ಕೆ ಹೇಳಿಮಾಡಿಸಿದ್ದು. ಅದರ ಹೆಣೆದ ಅಂಚಿಗೆ ಇಂಥ ಯಂತ್ರ ಹೊಂದುವುದಿಲ್ಲ. ಇಲ್ಲಿ ಆಳದ ಮೀನಿಗೆ ಭಾರದ ಗುಂಡು ಕಟ್ಟಿದ ಕೈಗಾಳವೇ ಡೌನ್‌ರಿಗರ್.

ಆದರೂ ಆ ದೊಡ್ಡ ಸುರುಳಿಯ ಪಾಲನೆಯಲ್ಲಿ ಕಲಿಯಬೇಕಾದದ್ದಿದೆ. ತಂತಿಗೆ ಒಂದು ಸಲ ಮುರುಕು ಬಿದ್ದರೆ ಅದನ್ನು ನೆಟ್ಟಗೆ ಮಾಡಿ ಮತ್ತೆ ಬಳಸುವುದಿಲ್ಲ, ಅಲ್ಲಿಗೆ ಕತ್ತರಿಸುತ್ತಾರೆ. ಗುಂಡಿನ ಬಳಿಯ ಕೊನೆಯ ಮೀಟರುಗಳನ್ನು ಪದೇಪದೇ ಪರೀಕ್ಷಿಸಿ, ಸವೆದಷ್ಟನ್ನು ತೆಗೆದು ಹೊಸದಾಗಿ ಕಟ್ಟುತ್ತಾರೆ. ಹಲಗೆಯ ತುಂಡಿಗೆ ದಾರ ಸುತ್ತಿದವನಿಗೂ ಇದೇ ನಿಯಮ.

ಹೊಳೆಯ ಜೀವಗಳು ಮತ್ತು ಕಾನೂನು

ಹರಿದ ದಾರಕ್ಕೆ ಬಲಿಯಾಗುವವು ನೀರುಕಾಗೆ, ಮಿಂಚುಳ್ಳಿ, ಆಮೆ, ನೀರುನಾಯಿಗಳು. ಗುಂಡಿನ ಸೀಸವೂ ವಿಷವೇ. ಹಂಸಗಳ ಸಾವು ಹೆಚ್ಚಿದ ಕಾರಣ ಬ್ರಿಟನ್ 1987ರಲ್ಲಿ ಸೀಸದ ಸಣ್ಣ ಗುಂಡುಗಳನ್ನು ನಿಷೇಧಿಸಿತು. ನಮ್ಮಲ್ಲಿ ಹೊಳೆಯ ಕಲ್ಲನ್ನೇ ಭಾರವಾಗಿ ಕಟ್ಟುವ ಹಳೆಯ ಪದ್ಧತಿ ಈ ದೃಷ್ಟಿಯಿಂದ ಉತ್ತಮವಾದದ್ದು. ಕಲ್ಲನ್ನು ಮೂಲ ದಾರಕ್ಕಿಂತ ತೆಳುವಾದ ನೂಲಿನಲ್ಲಿ ಕಟ್ಟಿದರೆ, ಬಂಡೆಯಲ್ಲಿ ಸಿಕ್ಕಿಕೊಂಡಾಗ ಕಲ್ಲಷ್ಟೇ ಉಳಿದು ದಾರವೂ ಕೊಕ್ಕೆಯೂ ಹಿಂದಕ್ಕೆ ಬರುತ್ತವೆ.

ಕಾವೇರಿ ಜಲವ್ಯೂಹದ ಗೂನುಬೆನ್ನಿನ ಮಹಶೀರ್, ಅಂದರೆ ಟಾರ್ ರೆಮದೇವಿಯೈ, 2018ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿಯೆಂದು ಸೇರಿತು. 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದಕ್ಷಿಣ ಭಾರತ ವನ್ಯಜೀವಿ ಸಂಘ, ಹಿಡಿದ ಮಹಶೀರನ್ನು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿಯನ್ನು ಕಾವೇರಿಯಲ್ಲಿ ಬೆಳೆಸಿತು. ಹೀಗೆ ಬಿಟ್ಟ ಮೀನು ಬದುಕಬೇಕಾದರೆ ಕಾಳಗ ಬೇಗ ಮುಗಿಯಬೇಕು, ಅದಕ್ಕೆ ಗಟ್ಟಿ ದಾರ ಬೇಕು. ತೆಳು ದಾರದಲ್ಲಿ ಗಂಟೆಗಟ್ಟಲೆ ಆಡಿಸಿ ದಣಿಸಿದ ಮೀನು ಬಿಟ್ಟರೂ ಸಾಯಬಹುದು. ನಂಬಿಕೆಯ ರಕ್ಷಣೆಯೂ ಈ ಜಿಲ್ಲೆಯಲ್ಲಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮಡುವಿನ ಮೀನುಗಳು ದೇವರ ಮೀನುಗಳು. ಘಟ್ಟದ ಕೆಳಗೆ ಶಿಶಿಲದ ಕಪಿಲಾ ಹೊಳೆಯಲ್ಲೂ ಹಾಗೆಯೇ. ಅಲ್ಲಿ ಗಾಳದ ಮಾತೇ ಇಲ್ಲ.

ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಅಭಯಾರಣ್ಯ ಮತ್ತು ಮೀಸಲು ಅರಣ್ಯದೊಳಗಿನ ಹೊಳೆಗಳಲ್ಲಿ ಅನುಮತಿಯಿಲ್ಲದೆ ಗಾಳ ಹಾಕುವುದೂ ಅಪರಾಧ. ಬಿಸಿಲೆ, ಕೆಂಪುಹೊಳೆ ಕಾಡುಗಳತ್ತ ಹೋಗುವವರು ಇದನ್ನು ಮನಗಾಣಬೇಕು. ಜಲಾಶಯಗಳಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿಯ ಮೇಲೆ ಬದುಕುವ ಮೀನುಗಾರರಿದ್ದಾರೆ. ಹವ್ಯಾಸಿಯ ಹರಿದ ದಾರ ಅವರ ಬಲೆಗೆ ಸಿಕ್ಕಿದರೆ ಒಂದು ದಿನದ ದುಡಿಮೆಯೇ ಹಾಳು.

ಕತ್ತರಿಸಿ ತೆಗೆದ ದಾರದ ತುಂಡುಗಳನ್ನು ದಡದಲ್ಲಿ ಬಿಡಬಾರದು, ಒಲೆಗೂ ಹಾಕಬಾರದು. ಬೆರಳಿಗೆ ಸುತ್ತಿ, ಗೇಣುದ್ದಕ್ಕೆ ತುಂಡರಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಪಟ್ಟಣದ ಒಣಕಸಕ್ಕೆ ಸೇರಿಸಬೇಕು. ಮಾರ್ಚಿನಲ್ಲಿ ಹೇಮಾವತಿಯ ಬಂಡೆಗಳು ಮೇಲೆದ್ದಾಗ ಕಲ್ಲುಸಂದಿನಿಂದ ಬಿಡಿಸಿ ತಂದ ಹಳೆಯ ಗೋಜಲಿಗೂ ಅದೇ ಡಬ್ಬಿ. ಅದರಲ್ಲಿ ಕೆಲವು ತನ್ನವು, ಕೆಲವು ಯಾರದೋ. ಯಾರದೇ ಆಗಿರಲಿ, ಹೊಳೆಯಿಂದ ಹೊರಗೆ ಬಂದ ಮೇಲಷ್ಟೇ ಆ ದಾರದ ಕೆಲಸ ಮುಗಿದಂತೆ.